ಸಹಾಯ ಬೇಕು: ದೋಷವುಳ್ಳ ಗ್ರಾಫೀನ್ ಹಾಳೆ ಬಿಸಿಯಲ್ಲಿ ಹರಿದುಹೋಗುವ ಲೆಕ್ಕಾಚಾರ

ಗುಂಪಿನ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಎಂ.ಎಸ್ಸಿ. ಪ್ರಾಜೆಕ್ಟಿಗಾಗಿ ಗ್ರಾಫೀನ್ (ಒಂದೇ ಪರಮಾಣು ದಪ್ಪದ ಇಂಗಾಲ) ಹಾಳೆಯೊಂದನ್ನು ಹರಿದುಹೋಗುವವರೆಗೆ ಎಳೆಯುವ ಲೆಕ್ಕಾಚಾರವನ್ನು, ಪರಮಾಣುಗಳ ಚಲನೆಯನ್ನು ಅನುಕರಿಸುವ ಲ್ಯಾಂಪ್ಸ್ ತಂತ್ರಾಂಶದಲ್ಲಿ, ಐರೆಬೊ ವಿಭವ (ಪರಮಾಣುಗಳ ನಡುವಿನ ಸೆಳೆತ-ತಳ್ಳಾಟವನ್ನು ಹೇಳುವ ಸೂತ್ರ) ಬಳಸಿ ಮಾಡುತ್ತಿದ್ದೇನೆ. ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು 2008ರಲ್ಲಿ ಪರಮಾಣು ಬಲ ಸೂಕ್ಷ್ಮದರ್ಶಕದ ಮೊನೆಯಿಂದ ಒತ್ತಿ ಕಂಡುಕೊಂಡ ಸುಮಾರು 130 ಗಿಗಾಪಾಸ್ಕಲ್ ಬಲವು (ಹರಿಯುವ ಮುನ್ನ ತಡೆಯಬಲ್ಲ ಗರಿಷ್ಠ ಒತ್ತಡ) ದೋಷವಿಲ್ಲದ ಹಾಳೆಯದು. ನನಗೆ ಬೇಕಿರುವುದು ಒಂದೆರಡು ಪರಮಾಣುಗಳು ಕಳಚಿಹೋದ ಹಾಳೆ 300ರಿಂದ 1200 ಕೆಲ್ವಿನ್‌ವರೆಗೆ ಎಷ್ಟು ತಡೆದುಕೊಳ್ಳುತ್ತದೆ ಎಂಬುದು.

ಆರಂಭದಲ್ಲಿ ಹಾಳೆ ಹರಿಯುವ ಮುನ್ನ ಒತ್ತಡದ ವಕ್ರರೇಖೆ ಇದ್ದಕ್ಕಿದ್ದಂತೆ ಮೇಲಕ್ಕೆ ಚಿಮ್ಮುತ್ತಿತ್ತು. ಇದನ್ನೇ ಹೊಸ ಸಂಗತಿಯೆಂದು ಎರಡು ವಾರ ಹಿಗ್ಗಿದ್ದೆ! ವಿಭವದ ಒಳಗಿನ ಕಡಿತದೂರವನ್ನು (ಬಂಧದ ಸೆಳೆತವನ್ನು ಸೂತ್ರ ಕುಗ್ಗಿಸತೊಡಗುವ ದೂರ) 1.7ರಿಂದ 2.0 ಆಂಗ್‌ಸ್ಟ್ರಾಂಗೆ ಏರಿಸಿದ ಮೇಲೆ ಆ ಹುಸಿ ಗಡಸುತನ ಮಾಯವಾಯಿತು.

ಈಗಿನ ತೊಡಕು ಬೇರೆ. ಪರಮಾಣು ಕಳಚಿದ ಖಾಲಿ ಜಾಗದ ಅಂಚಿನ ಬಂಧಗಳ ಮೇಲೆ ಒತ್ತಡ ಮಡುಗಟ್ಟುವುದರಿಂದ ಬಿರುಕು ಅಲ್ಲಿಂದಲೇ ಹೊರಡುತ್ತದೆಯಾದರೂ, ಬಿಸಿ ಏರಿದಂತೆ ಮೊದಲ ಬಂಧ ಯಾವ ಕ್ಷಣದಲ್ಲಿ ಕಡಿಯುತ್ತದೆ ಎಂಬುದು ಪರಮಾಣುಗಳ ನಡುಕವನ್ನು ಅವಲಂಬಿಸಿರುವುದರಿಂದ, ಆರಂಭದ ವೇಗಗಳನ್ನು ಬದಲಿಸಿದಾಗಲೆಲ್ಲ ಉತ್ತರವೂ ಬದಲಾಗುತ್ತಿದೆ. ನಾನು ಎಳೆಯುತ್ತಿರುವ ದರ (ಮೂಲ ಉದ್ದದ ಎಷ್ಟು ಪಟ್ಟು ಹಿಗ್ಗುತ್ತದೆ ಎಂಬ ಲೆಕ್ಕದಲ್ಲಿ) ಸೆಕೆಂಡಿಗೆ 10⁹. ನಿಧಾನವಾಗಿ ಎಳೆದಷ್ಟೂ ಶಾಖಕ್ಕೆ ಬಂಧ ಕಡಿಯಲು ಕಾಲಾವಕಾಶ ಸಿಕ್ಕಿ ಬಲ ಇಳಿಯುತ್ತದೆ.

ಪ್ರತಿ ಉಷ್ಣತೆಗೂ ಎಷ್ಟು ಬಾರಿ ಓಡಿಸಿ ಸರಾಸರಿ ತೆಗೆದರೆ ಒಪ್ಪತಕ್ಕದ್ದು? ದರವನ್ನು 10⁸ಕ್ಕೆ ಇಳಿಸುವುದು ಅನಿವಾರ್ಯವೇ? ನಮ್ಮ ವಿಭಾಗದಲ್ಲಿರುವುದು ಎಂಟು ಕೋರಿನ ಒಂದೇ ಯಂತ್ರ. ಒತ್ತಡ ಲೆಕ್ಕಹಾಕಲು ಹಾಳೆಯ ದಪ್ಪವನ್ನು 0.335 ನ್ಯಾನೋಮೀಟರ್ ಎಂದು ಹಿಡಿದಿದ್ದೇನೆ. ಈ ಕೆಲಸ ಮಾಡಿದ ಅನುಭವವುಳ್ಳವರು ದಯವಿಟ್ಟು ತಿಳಿಸಿ. ಇನ್‌ಪುಟ್ ಫೈಲು ಬೇಕೆಂದರೆ ಇಲ್ಲೇ ಹಾಕುತ್ತೇನೆ.