ಹಳೇ ಪಿಕಪ್ ತಗೋಬೇಕು ಅಂತಿದ್ದೀನಿ, 2012 ಮಾಡೆಲ್. ಅನುಭವ ಇರೋರು ಹೇಳಿ

ತೀರ್ಥಹಳ್ಳಿ ತೋಟ:
ನಮಸ್ಕಾರ. ಮೂರೂವರೆ ಎಕರೆ ಅಡಿಕೆ ತೋಟ ಇದೆ. ಗೊಬ್ಬರಕ್ಕೆ, ಕೊನೆಕೊಯ್ಲಿಗೆ (ಅಡಿಕೆ ಗೊನೆ ಇಳಿಸೋಕೆ) ಪ್ರತಿ ಸಲ ಬಾಡಿಗೆ ಗಾಡಿಯವರ ಬಾಗಿಲು ಕಾಯೋದು ಸಾಕಾಗಿದೆ. ಇಲ್ಲೇ ಹತ್ತಿರ ಒಂದು ಬೊಲೆರೊ ಪಿಕಪ್ ಇದೆ. 2012, ಕೆಎ-14, ಎರಡನೇ ಓನರ್, ಮೀಟರ್ 1,38,000 ತೋರಿಸ್ತಿದೆ. 3 ಲಕ್ಷ 40 ಸಾವಿರ ಹೇಳ್ತಿದಾರೆ. ಹೊಸ ಪೇಂಟ್, ಅಡಿಗೆ ಕಪ್ಪು ಕೋಟಿಂಗ್ ಹೊಡೆಸಿದಾರೆ. ಎಫ್‌ಸಿ (ಗಾಡಿ ಓಡಿಸೋಕೆ ಯೋಗ್ಯ ಅನ್ನೋ ಸರ್ಟಿಫಿಕೇಟ್) ಮುಗಿದಿದೆ, ಮಾಡ್ಸಿ ಕೊಡ್ತೀನಿ ಅಂತಾರೆ. ತಿಂಗಳಿಗೆ ಎಂಟ್ಹತ್ತು ದಿನ ಓಡ್ಬಹುದು ಅಷ್ಟೇ. ನನ್ನ ಹತ್ರ ಇರೋದು ಕಾರ್ ಲೈಸೆನ್ಸ್. ಏನೇನು ನೋಡ್ಬೇಕು?

ಹುಬ್ಬಳ್ಳಿಯಂವ:
ಎಫ್‌ಸಿ ಮಾಡಿಸಿ ಕೊಡ್ತೀನಿ ಅಂದಾರ? ನನಗೂ ಹಂಗ ಅಂದಿದ್ರು. 2019ರಾಗ 2010ರ ಮಾಡೆಲ್ ಒಂದ್ ಪಿಕಪ್ ತಗೊಂಡೆ, 2 ಲಕ್ಷ 85 ಸಾವಿರ. ಯಾವ ಕಂಪನೀದು ಅಂತ ಹೇಳಂಗಿಲ್ಲ, ಹೇಳಿದ್ರ ಅದರ ಅಭಿಮಾನಿಗಳು ಬಂದು ನನ್ನ ಮೈಮ್ಯಾಲ ಬೀಳ್ತಾರ. ತಪ್ಪು ಕಂಪನೀದಲ್ಲ, ಮಾರಿದಂವಂದು, ಅದಕ್ಕಿಂತ ಹೆಚ್ಚು ನಂದು. ಎಂಜಿನ್ ಚಾಲೂ ಇದ್ದಾಗ ಎಣ್ಣಿ ಹಾಕೂ ಮುಚ್ಚಳ ತಗದ್ರ ಬೀಡಿ ಸೇದಿದಂಗ ಪುಸುಪುಸು ಹೊಗಿ ಬರ್ತಿತ್ತು. ಕೇಳಿದ್ದಕ್ಕ "ಡೀಸೆಲ್ ಗಾಡಿ ಅಂದ್ರ ಅಷ್ಟು ಇರೂದ ರೀ" ಅಂದ. ನಾನೂ ತಲಿ ಆಡಿಸಿದೆ.

ಹನ್ನೊಂದನೇ ದಿನ ಎಂಜಿನ್ ಬಿಚ್ಚಿದ್ವಿ. ಲೈನರ್, ಪಿಸ್ಟನ್, ರಿಂಗ್ ಸೆಟ್ಟು 27,800. ಹೆಡ್ ಕೆಲಸ 9,200. ಕ್ರ್ಯಾಂಕ್ ಗ್ರೈಂಡಿಂಗ್, ಬೇರಿಂಗ್ 8,600. ಇಂಜೆಕ್ಟರ್ ನಾಲ್ಕೂ, ಪಂಪ್ ಕ್ಯಾಲಿಬ್ರೇಶನ್ 17,500. ಟರ್ಬೊ ರಿಪೇರಿ 12,000. ಕ್ಲಚ್ ಪ್ಲೇಟ್, ಪ್ರೆಶರ್ ಪ್ಲೇಟ್ 7,300. ಕೂಲಿ 14,000. ಕೂಡಿಸ್ರಿ, 96,400. ಚೀಟಿ ಎಲ್ಲಾ ಇನ್ನೂ ಕಪಾಟಿನ್ಯಾಗ ಅದಾವ, ಮನಿಯಾಕಿ ಒಗಿ ಅಂದ್ರೂ ಒಗದಿಲ್ಲ.

ಆಮ್ಯಾಲ ಎಫ್‌ಸಿ. ಮುಗದು 412 ದಿನ ಆಗಿತ್ತು. ದಿನಕ್ಕ 50 ರೂಪಾಯಿ ಲೇಟ್ ಫೀ, 20,600. ಮಾರಿದಂವ ಫೋನ್ ಎತ್ತಲಿಲ್ಲ. ಒಟ್ಟು 4 ಲಕ್ಷ 2 ಸಾವಿರ ಆತು. ಟಯರ್ ಬ್ಯಾರೆ.

ಕೋಲಾರ ಮಂಡಿ:
ಅಣ್ಣಾ ನೀವು ಗಾಡಿ ತಗೊಂಡಿಲ್ಲ, ಗುಜರಿ ತಗೊಂಡಿದೀರ. ನಂದು ಕೇಳಿ. 2009ರ ಪಿಕಪ್, ಶಿಡ್ಲಘಟ್ಟದ ಕಡೆ ರೇಷ್ಮೆ ಗೂಡು ಹೊಡೀತಿದ್ದ ಗಾಡಿ. ಗೂಡು ಅಂದ್ರೆ ಎಷ್ಟು ತೂಕ ಇರುತ್ತೆ ಹೇಳಿ? ನೋಡೋಕೆ ಲೋಡ್ ತುಂಬಿರುತ್ತೆ, ಕೆಳಗೆ ಭಾರ ಹೊರೋ ಸ್ಪ್ರಿಂಗ್ ಪಟ್ಟಿಗಳಿಗೆ ಗೊತ್ತೇ ಆಗಲ್ಲ. ಅದಕ್ಕೇ ಹೇಳೋದು, ಎಷ್ಟು ಓಡಿದೆ ಅಂತ ನೋಡಬೇಡಿ, ಏನು ಹೊತ್ತಿದೆ ಅಂತ ಕೇಳಿ. ಮೀಟರ್ ತಿರುಗಿಸೋನು ಐನೂರಕ್ಕೂ ಸಿಗ್ತಾನೆ. ತಗೊಂಡು ಎಂಟು ವರ್ಷ ಆಯ್ತು, ಎಂಜಿನ್ ಬಿಚ್ಚಿಲ್ಲ. ಹಿಂದೆ ಎರಡು ಪಟ್ಟಿ ಜಾಸ್ತಿ ಹಾಕ್ಸಿದೀನಿ, ಸೀಸನ್‌ನಲ್ಲಿ ರಾತ್ರಿ ಎರಡು ಗಂಟೆಗೆ 150 ಕ್ರೇಟ್ ಟೊಮೆಟೊ ಏರಿಸ್ಕೊಂಡು ಮಂಡಿಗೆ ಹೊಡೀತೀನಿ, ಒಂದು ಸಲ ಉಸ್ಸಪ್ಪಾ ಅಂದಿಲ್ಲ ಗಾಡಿ. ಸೆನ್ಸರ್ ಗಾಡಿ, ಅಂದ್ರೆ ಎಂಜಿನ್ನು ಎಲೆಕ್ಟ್ರಾನಿಕ್‌ನಲ್ಲಿ ನಡೆಯೋ ಹೊಸ ಗಾಡಿ, ಅದರ ಕಡೆ ತಲೆನೂ ಹಾಕಬೇಡಿ.

ಉಡುಪಿ ಬದಿ:
ಕಪ್ಪು ಕೋಟಿಂಗ್ ಹೊಡೆಸಿದ್ದಾರಂತೆ, ಅದನ್ನು ಯಾರೂ ನೋಡಲೇ ಇಲ್ಲವಾ? ನನ್ನ ಕಥೆ ಅಲ್ಲಿಂದಲೇ ಶುರು ಮಾರಾಯ್ರೆ. ಪೇಂಟ್ ಫಳಫಳ, ಅಡಿ ಕಾಡಿಗೆ ಹಚ್ಚಿದ ಹಾಗೆ ಚಂದ. ತಂದು ಮೂರು ತಿಂಗಳಿಗೆ ಲೀಫ್ ಬುಷ್ ಹಾಕಿಸಲಿಕ್ಕೆ ಎತ್ತಿದಾಗ ಮೆಕ್ಯಾನಿಕ್ ಸ್ಕ್ರೂಡ್ರೈವರ್ ಹಿಡಿಯಿಂದ ಚಾಸಿ ಕುಟ್ಟುತ್ತಾ ಬಂದ. ಟಣ್, ಟಣ್, ಟಣ್, ಕ್ಯಾಬಿನ್ ಹಿಂದೆ ಬಂದಾಗ "ಬೊದ್" ಅಂತ ಶಬ್ದ. ಸ್ಕ್ರೂಡ್ರೈವರ್ ತಿರುಗಿಸಿ ಚುಚ್ಚಿದ, ಹಲಸಿನ ಹಣ್ಣಿಗೆ ಹೋದ ಹಾಗೆ ಒಳಗೆ ಹೋಯಿತು. ಕೋಟಿಂಗ್ ಕೆರೆದರೆ ಒಳಗೆ ಪುಟ್ಟಿ, ಪುಟ್ಟಿಯ ಒಳಗೆ ಬಟ್ಟೆ. ಹೌದು, ಬಟ್ಟೆ! ಯಾರದ್ದೋ ಚೆಕ್ಸ್ ಲುಂಗಿ.

ಆಮೇಲೆ ಗೊತ್ತಾಯಿತು, ಆರು ವರ್ಷ ಬಂದರಿನಿಂದ ಮೀನು ಹೊತ್ತ ಗಾಡಿ. ಐಸ್ ಕರಗಿದ ಉಪ್ಪುನೀರು ಹಲಗೆ ಸಂದಿಯಿಂದ ದಿನಾ ಚಾಸಿಯ ಮೇಲೆ ಇಳಿದದ್ದು. ಚಾಸಿಯ ಎರಡು ಕ್ರಾಸ್ ಮೆಂಬರ್ (ಅಡ್ಡ ತೊಲೆ), ಫ್ಲೋರ್ ಶೀಟ್, ಬ್ರೇಕ್ ಪೈಪ್ ಎಲ್ಲ ಸೇರಿ 58 ಸಾವಿರ. ಚಾಸಿಗೆ ಬೆಸುಗೆ ಹಾಕಿದ್ದಕ್ಕೆ ಎಫ್‌ಸಿಯಲ್ಲಿ ಎರಡು ಸಲ ವಾಪಸ್ ಕಳಿಸಿದರು. ಮಳೆ ಬಂದ ದಿನ ಈಗಲೂ ಕ್ಯಾಬಿನ್‌ನಲ್ಲಿ ಬಂಗುಡೆ ವಾಸನೆ ಉಂಟು.

ಹಾಸನ ಶುಂಠಿ:
ಕೆಎ-19, ಕೆಎ-20, ಅಂದ್ರೆ ಮಂಗಳೂರು-ಉಡುಪಿ ಕಡೆ ಗಾಡಿ ಮುಟ್ಟಲೇಬಾರದು ಅಂತ ನಾನು ಮೊದಲಿಂದ ಹೇಳ್ತಾ ಇದೀನಿ.

ಉಡುಪಿ ಬದಿ:
ನನ್ನದು ಕೆಎ-13 ಗಾಡಿ ಸ್ವಾಮಿ. ನಿಮ್ಮ ಊರಿನವರೇ ಇಲ್ಲಿ ತಂದು ಮೀನಿಗೆ ಓಡಿಸಿ, ಪುನಃ ಅಲ್ಲಿಗೇ ಕೊಂಡುಹೋಗಿ ಪೇಂಟ್ ಹೊಡೆಸಿ ನನಗೆ ಮಾರಿದ್ದು. ನಂಬರ್ ಪ್ಲೇಟ್ ನೋಡಿ ಜಾತಕ ಬರೆಯಬೇಡಿ.

ಹಾಸನ ಶುಂಠಿ:
ನಮ್ಮೂರೋರು ಮಾರಿದ್ದು ಅಂತೀರಿ, ನೋಡದೆ ತಗೊಂಡಿದ್ಯಾರು? ಕಣ್ಣು ಇರ್ಲಿಲ್ವಾ?

ಶಿರಸಿ ಭಟ್ರು:
ಗಲಾಟೆ ಸಾಕು. ಪ್ರಶ್ನೆ ಕೇಳಿದವರಿಗೆ ಲೈಸೆನ್ಸ್ ಬಗ್ಗೆ ಒಂದು ಮಾತು. ಬ್ಯಾಡ್ಜ್ (ಬಾಡಿಗೆ ಗಾಡಿ ಓಡಿಸೋಕೆ ಲೈಸೆನ್ಸಿಗೆ ಹಾಕ್ಸೋ ಪ್ರತ್ಯೇಕ ಅನುಮತಿ) ಬೇಕು ಅಂತ ಯಾರಾದ್ರೂ ಹೆದರಿಸಿದ್ರೆ ಕೇಳ್ಬೇಡಿ. ಒಟ್ಟು ತೂಕ 7,500 ಕೆಜಿ ಒಳಗಿನ ಗಾಡಿಯನ್ನ ಎಲ್‌ಎಂವಿ, ಅಂದ್ರೆ ನಿಮ್ಮ ಕಾರ್ ಲೈಸೆನ್ಸಲ್ಲೇ ಓಡಿಸ್ಬಹುದು, ಹಳದಿ ಬೋರ್ಡ್ ಆದ್ರೂ. 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು, 2024ರ ನವೆಂಬರ್‌ನಲ್ಲಿ ಸಂವಿಧಾನ ಪೀಠ ಅದನ್ನೇ ಎತ್ತಿಹಿಡೀತು. ನಾನು ಇದನ್ನ ತಿಳ್ಕೊಳ್ಳದೆ ಎರಡು ವರ್ಷ ಡ್ರೈವರ್ ಇಟ್ಕೊಂಡೆ. ಸಂಬಳ, ಊಟ, ಎಲೆ-ಅಡಿಕೆ ಕವಳಕ್ಕೆ ದಿನಾ ನಲವತ್ತು. ಗಾಡಿ ಇಎಂಐಗಿಂತ ಅವನ ಕವಳವೇ ದುಬಾರಿ ಆಗಿತ್ತು ಮಾರಾಯ್ರೆ.

ಮತ್ತೆ, ಸೆನ್ಸರ್ ಗಾಡಿ ಬೇಡ ಅನ್ನೋದು ಹಳೇ ಮಾತು. ನನ್ನದು 2018ರ ಬಿಎಸ್-4 (ಹೊಗೆ ಮಿತಿಯ ಸರ್ಕಾರಿ ದರ್ಜೆ), ಸೆನ್ಸರ್ ಗಾಡಿನೇ. ಘಟ್ಟ ಏರೋವಾಗ ಕಪ್ಪು ಹೊಗೆ ಇಲ್ಲ, ಲೀಟರಿಗೆ ಎರಡು ಕಿಲೋಮೀಟರ್ ಜಾಸ್ತಿ.

ಕೋಲಾರ ಮಂಡಿ:
ಭಟ್ರೇ, ಮಳೇಲಿ ವೈರಿಂಗ್ ಒಂದು ಇಲಿ ಕಡಿದ್ರೆ ನಿಮ್ಮ ಬಿಎಸ್-4 ತೋಟದ ಮಧ್ಯ ಕೂರುತ್ತೆ. ಲ್ಯಾಪ್‌ಟಾಪ್ ಇರೋ ಮೆಕ್ಯಾನಿಕ್ ತೀರ್ಥಹಳ್ಳಿ ಕಾಡಿಗೆ ಬರ್ತಾನಾ? ನಮ್ಮದಕ್ಕೆ ಡೀಸೆಲ್ ಬಂದ್ರೆ ಸಾಕು.

ಶಿರಸಿ ಭಟ್ರು:
ಇಲಿ ಕಡಿದದ್ದು ನಿಜ. ಒಂದೇ ಸಲ. 4,600 ಆಯ್ತು. ಅದನ್ನ ನಿಮಗ್ಯಾರು ಹೇಳಿದ್ರು?

ಹುಬ್ಬಳ್ಳಿಯಂವ:
ಕೋಲಾರದವ್ರ, ಒಂದ್ ಲೆಕ್ಕ. ಒಂದ್ ಕ್ರೇಟಿನ್ಯಾಗ 15 ಕೆಜಿ ಹಣ್ಣು. 150 ಕ್ರೇಟ್ ಅಂದ್ರ 2,250 ಕೆಜಿ. ಖಾಲಿ ಕ್ರೇಟಿನ ತೂಕ ಇನ್ನೂ ಹಿಡದಿಲ್ಲ. ನಿಮ್ಮ ಗಾಡಿ ಆರ್‌ಸಿ ಒಳಗ ಎಷ್ಟು ಲೋಡ್ ಹಾಕಬಹುದು ಅಂತ ಬರದಾರ? ನಿಮ್ಮಂಥಾವ್ರು ಎರಡ್ ಪಟ್ಟಿ ಏರಿಸಿ, ಎಂಟ್ ವರ್ಷ ಬಡದು, ಪೇಂಟ್ ಹೊಡಸಿ "ವೆಲ್ ಮೇಂಟೇನ್ಡ್" ಅಂತ ನನ್ನಂಥಾವ್ರಿಗೆ ಕಟ್ತೀರಿ.

ಕೋಲಾರ ಮಂಡಿ:
ನಾನು ಮಾರ್ತೀನಿ ಅಂತ ಎಲ್ಲಿ ಹೇಳ್ದೆ? ಬೆಲೆ ಬಿದ್ದ ದಿನ ಬಾಡಿಗೆನೂ ಗಿಟ್ಟಲ್ಲ, ನೂರು ಕ್ರೇಟ್ ಹಾಕ್ಕೊಂಡು ಎರಡು ಟ್ರಿಪ್ ಹೊಡೆದ್ರೆ ಡೀಸೆಲ್ ನೀವು ಕೊಡ್ತೀರಾ?

ಹುಬ್ಬಳ್ಳಿಯಂವ:
ಕೊಡಂಗಿಲ್ಲ. ಎಕ್ಸಲ್ ಮುರದ ದಿನ ಫೋನ್ ಮಾಡ್ರಿ, ನಗಾಕ ಬರ್ತೀನಿ.

ಉಡುಪಿ ಬದಿ:
ಪಟ್ಟಿ ವಿಷಯ ಮಾತ್ರ ಹುಬ್ಬಳ್ಳಿಯವರು ಹೇಳಿದ್ದು ಸರಿ. ಪಟ್ಟಿ ಎಣಿಸಬೇಕು. ಹೆಚ್ಚಿಗೆ ಹಾಕಿಸಿದ್ದು ತೆಗೆದು ಮಾರಿದ್ದರೂ ಪಟ್ಟಿ ಹಿಡಿಯುವ ಯು-ಬೋಲ್ಟ್ ಹೊಸದು ಕಾಣುತ್ತದೆ, ಚಾಸಿಗೆ ಉಜ್ಜಿದ ಗುರುತು ಇರುತ್ತದೆ. ಗಾಡಿ ನೋಡಲಿಕ್ಕೆ ಬೆಳಿಗ್ಗೆ ಹೇಳದೆ ಹೋಗಿ, ಮೊದಲು ಬಾನೆಟ್ ಮೇಲೆ ಕೈ ಇಡಿ. ಬಿಸಿ ಇದ್ದರೆ ಸ್ಟಾರ್ಟಿಂಗ್ ಟ್ರಬಲ್ ಮುಚ್ಚಲಿಕ್ಕೆ ನಿಮಗಿಂತ ಮೊದಲೇ ಸ್ಟಾರ್ಟ್ ಮಾಡಿ ಇಟ್ಟಿದ್ದಾರೆ ಅಂತಲೇ ತಿಳಿಯಿರಿ. ಹಾಸನದವರಿಗೆ: ನನಗೆ ಎರಡು ಕಣ್ಣೂ ಉಂಟು.

ತೀರ್ಥಹಳ್ಳಿ ತೋಟ:
ಎಲ್ಲರಿಗೂ ಧನ್ಯವಾದ. ಮೀಟರ್ ತಿರುಗಿಸಿದಾರಾ ಅಂತ ಹೇಗೆ ಗೊತ್ತಾಗುತ್ತೆ? ಇನ್ನೊಂದು, ಸ್ವಂತ ತೋಟಕ್ಕೆ ಮಾತ್ರ ಅಲ್ವಾ, ಇನ್ಶೂರೆನ್ಸ್ ಕಮ್ಮಿ ಬರಲ್ವಾ?

ಶಿರಸಿ ಭಟ್ರು:
ಕಮ್ಮಿ ಬರುತ್ತಾ ಅಂತ ಇನ್ಶೂರೆನ್ಸ್ ಕಂಪನಿಯಲ್ಲೇ ಕೇಳಿ. 7,500 ಕೆಜಿ ಒಳಗಿನ, ಬಾಡಿಗೆಗೆ ಓಡೋ ಗೂಡ್ಸ್ ಗಾಡಿಗೆ 2022ರಲ್ಲಿ ನಿಗದಿ ಮಾಡಿದ ಥರ್ಡ್ ಪಾರ್ಟಿ ಪ್ರೀಮಿಯಂ ಒಂದೇ 16,049, ಮೇಲೆ ಜಿಎಸ್‌ಟಿ. ನಿಮ್ಮ ಗಾಡಿ ತಿಂಗಳಿಗೆ ಎಂಟು ದಿನ ಓಡಿದ್ರೂ ಅಷ್ಟೇ, ಮೂವತ್ತು ದಿನ ಓಡಿದ್ರೂ ಅಷ್ಟೇ. ಎಂಟು ವರ್ಷ ದಾಟಿದ್ದಕ್ಕೆ ವರ್ಷಾ ವರ್ಷಾ ಎಫ್‌ಸಿ ಬೇರೆ. ಮೀಟರ್ ಬಿಡಿ. ಕ್ಲಚ್ ಪೆಡಲ್ ರಬ್ಬರ್ ನೋಡಿ. ಅದು ಪೂರ್ತಿ ಬೋಳಾಗಿದ್ರೆ 1,38,000 ಅನ್ನೋದ್ರ ಮೇಲೆ ಅನುಮಾನ ಪಡಿ.

ಹಾಸನ ಶುಂಠಿ:
ರಬ್ಬರ್ ಹೊಸದು ಹಾಕಿದ್ರೆ?

ಶಿರಸಿ ಭಟ್ರು:
ಹನ್ನೆರಡು ವರ್ಷ ದಾಟಿದ ಗಾಡಿಗೆ ಹೊಸ ರಬ್ಬರ್ ಯಾಕೆ ಹಾಕಿದ್ರು ಅಂತ ಕೇಳಿ.

ಹುಬ್ಬಳ್ಳಿಯಂವ:
ನನ್ನ ಗಾಡೀದು ಹೊಸಾದ ಇತ್ತು. ನಾನು ಖುಷಿಪಟ್ಟಿದ್ದೆ.

ತೀರ್ಥಹಳ್ಳಿ ತೋಟ:
ಇವತ್ತು ಬೆಳಿಗ್ಗೆ ಆರೂವರೆಗೆ ಹೇಳದೆ ಹೋಗಿದ್ದೆ. ಬಾನೆಟ್ ಬಿಸಿ ಇತ್ತು. ಡೈರಿಗೆ ಹಾಲು ಹಾಕಿ ಬಂದೆ ಅಂದ್ರು. ಕೊಟ್ಟಿಗೆ ಕಡೆ ನೋಡಿದೆ, ದನ ಇದ್ದಿದ್ದು ಒಂದೇ, ಅದೂ ಗಬ್ಬದ್ದು. ಚಾಸಿ ಕುಟ್ಟೋಕೆ ಬಿಡಲಿಲ್ಲ, ಕೋಟಿಂಗ್ ಹೋಗುತ್ತೆ ಅಂತ. ಆದ್ರೆ 3 ಲಕ್ಷ 10ಕ್ಕೆ ಇಳಿದಿದಾರೆ. ಏನ್ಮಾಡ್ಲಿ?

ಕೋಲಾರ ಮಂಡಿ:
ಹುಬ್ಬಳ್ಳಿ ಅಣ್ಣಾ, ನೂರೈವತ್ತು ಕ್ರೇಟ್ ಅಂದಿದ್ದು ಸೀಸನ್‌ನಲ್ಲಿ ಮಾತ್ರ. ಮಾಮೂಲಿ ದಿನ ನೂರ ಹತ್ತೇ.

ಹುಬ್ಬಳ್ಳಿಯಂವ:
1,650 ಕೆಜಿ. ಆರ್‌ಸಿ ನೋಡಿ ಹೇಳ್ರಿ.