ರೇಂಜ್‌ಫೈಂಡರ್ ಲೆನ್ಸೋ, ಎಸ್‌ಎಲ್‌ಆರ್ ಲೆನ್ಸೋ? ಭಾನುವಾರದ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಲೆನ್ಸ್ ರಿಪೇರಿ ಮಾಡುವ ನಮ್ಮ ಸದಸ್ಯರು ಇವತ್ತು ಮಧ್ಯಾಹ್ನದವರೆಗೆ ಉತ್ತರ ಕೊಡ್ತಾರೆ. ಮಿರರ್‌ಲೆಸ್ ಕ್ಯಾಮೆರಾಕ್ಕೆ ಹಳೇ ಮ್ಯಾನ್ಯುಯಲ್ ಲೆನ್ಸ್ ಹಾಕೋರು ರೇಂಜ್‌ಫೈಂಡರ್‌ದು ತಗೋಬೇಕೋ, ಎಸ್‌ಎಲ್‌ಆರ್‌ದೋ, ಅದಷ್ಟೇ ವಿಷಯ. ಹೊಸಬರಿಗೆ: ರೇಂಜ್‌ಫೈಂಡರ್ ಅಂದ್ರೆ ಲೆನ್ಸಿನ ಮೂಲಕ ಅಲ್ಲ, ಬೇರೆ ಕಿಂಡಿಯಲ್ಲಿ ನೋಡೋ ಕ್ಯಾಮೆರಾ; ಎಸ್‌ಎಲ್‌ಆರ್ ಅಂದ್ರೆ ಒಳಗಿನ ಕನ್ನಡಿಯಿಂದ ಲೆನ್ಸಿನ ಮೂಲಕವೇ ನೋಡೋದು; ಮಿರರ್‌ಲೆಸ್‌ನಲ್ಲಿ ಕನ್ನಡಿ ಇಲ್ಲ. ದಯವಿಟ್ಟು ರೇಟು ಕೇಳಬೇಡಿ, ಫಾರ್ವರ್ಡ್ ಹಾಕಬೇಡಿ.

ಮಲ್ನಾಡ್ ಕ್ಲಿಕ್: ನಮಸ್ತೆ ಸರ್. ನನ್ನ ಹತ್ರ ಮೊದಲನೇ ಸೋನಿ ಎ7 ಇದೆ. ಹಂಪಿ ಬಂಡೆ, ಬೇಲೂರು ಗುಡಿಯ ಒಳಗಿನ ಕಂಬ, ಇಂಥದ್ದಕ್ಕೆ ಅಗಲ ನೋಟದ ಒಂದು ವೈಡ್ ಲೆನ್ಸ್ ಬೇಕು. ವಾಯ್ಟ್‌ಲ್ಯಾಂಡರ್ 15 ಮಿ.ಮೀ. ಮೊದಲ ಆವೃತ್ತಿ, ಸ್ಕ್ರೂ ಮೌಂಟಿಂದು ಒಂದು ಸಿಗ್ತಿದೆ. ಇನ್ನೊಂದು ನಿಕಾನ್ 20 ಮಿ.ಮೀ. ಎಫ್ 2.8 ಮ್ಯಾನ್ಯುಯಲ್. ಮೊದಲನೇದು ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಪುಟ್ಟದು, ಅದರ ಮೇಲೇ ಮನಸ್ಸು.

ರಿಪೇರಿ ಟೇಬಲ್: ನಿಕಾನ್ ತಗೊಳ್ಳಿ. ಎಸ್‌ಎಲ್‌ಆರ್‌ನಲ್ಲಿ ಲೆನ್ಸಿಗೂ ಫಿಲ್ಮಿಗೂ ಮಧ್ಯೆ ಕನ್ನಡಿ ಏಳೋಕೆ ಜಾಗ ಬೇಕು. ಮೌಂಟು ಅಂದ್ರೆ ಬಾಡಿಗೆ ಲೆನ್ಸ್ ಕೂರೋ ಜಾಗ; ನಿಕಾನ್ ಎಫ್ ಮೌಂಟಿಂದ ಫಿಲ್ಮಿಗೆ 46.5 ಮಿ.ಮೀ. ಲೈಕಾ ಎಂ ಮೌಂಟಲ್ಲಿ 27.8, ಅದಕ್ಕಿಂತ ಹಳೇ ಸ್ಕ್ರೂ ಮೌಂಟಲ್ಲಿ 28.8. ಕನ್ನಡಿಯೇ ಇಲ್ಲದಿದ್ದಾಗ ವೈಡ್ ಲೆನ್ಸಿನ ಹಿಂದಿನ ಗಾಜು ಫಿಲ್ಮಿನ ಹತ್ತಿರಕ್ಕೇ ಹೋಗಿ ಕೂರಬಹುದು, ಅದಕ್ಕೇ ಅವು ಅಷ್ಟು ಚಿಕ್ಕವು. ಆದರೆ ಅಲ್ಲಿಂದ ಹೊರಟ ಬೆಳಕು ಮೂಲೆಗಳಿಗೆ ತುಂಬಾ ಓರೆಯಾಗಿ ಬೀಳುತ್ತೆ. ಫಿಲ್ಮ್ ತಡ್ಕೊಂಡಿತು. ನಿಮ್ಮ ಸೆನ್ಸರಿನ ಮುಂದೆ ಹೆಚ್ಚುಕಮ್ಮಿ 2 ಮಿ.ಮೀ. ಗಾಜಿದೆ, ಲೈಕಾದ ಡಿಜಿಟಲ್ ಎಂ ಬಾಡಿಗಳಲ್ಲಿ 1ಕ್ಕಿಂತ ಕಮ್ಮಿ. ಓರೆ ಬೆಳಕು ಆ ದಪ್ಪ ಗಾಜು ದಾಟೋ ಹೊತ್ತಿಗೆ ಮೂಲೆ ಕಲಸಿಹೋಗುತ್ತೆ, ಅಂಚಿನಲ್ಲಿ ನೇರಳೆ ಬಣ್ಣ ಕೂರುತ್ತೆ. ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬಿಡೋ ಕಿಂಡಿ) ಇಳಿಸಿದ್ರೆ ಕಲಸಿದ್ದು ಸ್ವಲ್ಪ ತಿಳಿಯಾಗಬಹುದು, ಬಣ್ಣ ಹೋಗಲ್ಲ. ಅದಕ್ಕೇ ವಾಯ್ಟ್‌ಲ್ಯಾಂಡರ್‌ನವರು 2015ರಲ್ಲಿ ಈ 15ರ ಮೂರನೇ ಆವೃತ್ತಿಯನ್ನು ಸೆನ್ಸರಿಗೆ ಹೊಂದೋ ಹಾಗೆ ಬೇರೆಯೇ ವಿನ್ಯಾಸದಲ್ಲಿ ತಂದ್ರು. ನಿಮಗೆ ಸಿಗ್ತಿರೋದು 1999ರ ಮಾದರಿ. ನಿಕಾನ್ 20 ಕನ್ನಡಿಗೆ ಜಾಗ ಬಿಟ್ಟು ಮಾಡಿದ್ದು, ಬೆಳಕು ಅಷ್ಟು ಓರೆಯಾಗಲ್ಲ. 25 ಸೆಂ.ಮೀ. ಹತ್ತಿರಕ್ಕೂ ಫೋಕಸ್ ಆಗುತ್ತೆ, ಕಂಬದ ಕೆತ್ತನೆಗೆ ಅನುಕೂಲ. ಅಡಾಪ್ಟರ್ ಸೇರಿಸಿ ಉದ್ದ ಆಗುತ್ತೆ, ಕುತ್ತಿಗೆಗೆ ಭಾರ. ಅದನ್ನ ಸಹಿಸ್ಕೊಳ್ಳಿ.

ಪಡುವಣ ಗಾಳಿ: ನಿಕಾನ್ ಡಿ750ಗೆ ಲೈಕಾ ಎಂ ಲೆನ್ಸ್ ಕೂರ್ತದಾ ಸರ್? ಅಡಾಪ್ಟರ್ ಆನ್‌ಲೈನ್‌ನಲ್ಲಿ ಉಂಟು.

ರಿಪೇರಿ ಟೇಬಲ್: ಇಲ್ಲ. ಆ ಲೆನ್ಸ್ ಸೆನ್ಸರಿಂದ 27.8ರಲ್ಲಿ ಕೂರಬೇಕು, ನಿಮ್ಮ ಬಾಡಿಯ ಮೌಂಟೇ 46.5ರಲ್ಲಿದೆ. ದೂರದ್ದು ಫೋಕಸ್ಸೇ ಆಗಲ್ಲ.

ಕೆಂಪು ಚುಕ್ಕೆ: ಮೂಲೆ ಮೂಲೆ ಅಂತ ಎಷ್ಟು ಹೊತ್ತು ನೋಡೋದು? ರೇಂಜ್‌ಫೈಂಡರ್ ಲೆನ್ಸಲ್ಲಿ ಒಂದು ಜೀವ ಇರುತ್ತೆ. ಫ್ರಾನ್ಸಿನ ಫೋಟೋಗ್ರಾಫರ್ ಕಾರ್ಟಿಯೆ-ಬ್ರೆಸೋ ಹೆಚ್ಚಾಗಿ ಹಿಡಿದಿದ್ದು ಲೈಕಾ, 50 ಮಿ.ಮೀ. ತಾನೇ?

ಹುಬ್ಬಳ್ಳಿ ಎಫ್‌ಎಂ2: ಬ್ರೆಸೋ ಹಿಡಿದ್ರು ಅಂತ ನಮ್ಮ ಫೋಟೋ ಛಲೋ ಬರ್ತಾವೇನ್ರೀ? ಜೀವ ಲೆನ್ಸಿನಾಗ ಇಲ್ಲ, ರೇಟಿನಾಗ ಐತಿ.

ಯಾಶಿಕಾ ಮನೆ: ಅಪ್ಪಾಜಿಯ ಯಾಶಿಕಾ ಎಲೆಕ್ಟ್ರೋ 35 ಇದೆ. ಅದೂ ರೇಂಜ್‌ಫೈಂಡರೇ ಅಲ್ವಾ? ಲೆನ್ಸ್ ಬಿಚ್ಚಿ ಫೂಜಿಗೆ ಹಾಕ್ಬಹುದಾ?

ರಿಪೇರಿ ಟೇಬಲ್: ಬಿಚ್ಚಬೇಡಿ. ಅದು ಬಾಡಿಗೇ ಕೂತ ಲೆನ್ಸು, ಷಟರ್ರೂ ಅದರೊಳಗೇ ಇದೆ. ಅಪ್ಪಾಜಿ ಕ್ಯಾಮೆರಾ ಹಾಗೇ ಇರಲಿ, ಒಂದು ರೋಲ್ ಹಾಕಿ ತೆಗೀರಿ.

ಗಾಳಿಪಟ: ಸರ್ ಜುಪಿಟರ್-12 ಬಂತು. 35 ಮಿ.ಮೀ. ಎಫ್ 2.8, ಸೋವಿಯತ್ ಕಾಲದ್ದು. ಸೋನಿ ಎ6000ಕ್ಕೆ ಎಂ39 (ಹಳೇ ಸ್ಕ್ರೂ ಮೌಂಟಿನ) ಅಡಾಪ್ಟರ್ ಹಾಕಿ ತಿರುಗಿಸ್ತಾ ಇದೀನಿ, ಕೊನೇಲಿ ಸ್ವಲ್ಪ ಬಿಗಿ ಬರ್ತಿದೆ. ಇನ್ನೂ ಒಂದು ಸುತ್ತು ಒತ್ತಿ ತಿರುಗಿಸಲಾ?

ರಿಪೇರಿ ಟೇಬಲ್: ತಿರುಗಿಸಬೇಡಿ. ಈಗಲೇ ನಿಲ್ಲಿಸಿ. ಮೆಲ್ಲಗೆ ವಾಪಸ್ ಬಿಚ್ಚಿ ಹೊರಗೆ ತೆಗೀರಿ. ತೆಗೆದ ಮೇಲೆ ಲೆನ್ಸನ್ನು ಹಿಂಭಾಗ ಕೆಳಗೆ ಮಾಡಿ ಮೇಜಿನ ಮೇಲೆ ಇಡಬೇಡಿ, ಅಡ್ಡ ಮಲಗಿಸಿ.

ಗಾಳಿಪಟ: ತೆಗೆದೆ ಸರ್. ಏನಾಯ್ತು?

ರಿಪೇರಿ ಟೇಬಲ್: ಏನೂ ಆಗಿಲ್ಲ ಅಂದ್ಕೊಳ್ಳೋಣ. ಲೆನ್ಸಿನ ಹಿಂದೆ ನೋಡಿ. ಮುಂದಿನ ಗಾಜಿಗಿಂತ ಹಿಂದಿನದು ದೊಡ್ಡದು, ಬಲ್ಬಿನ ಹಾಗೆ ಹೊರಗೆ ಬಂದಿದೆ. ಇದು ಲುಡ್ವಿಗ್ ಬೆರ್ಟೆಲೆ ಅನ್ನೋ ವಿನ್ಯಾಸಕಾರ ಜರ್ಮನಿಯ ಝೈಸ್ ಕಂಪನಿಗೆ ಮಾಡಿಕೊಟ್ಟ ಬಿಯೋಗಾನ್ ಲೆನ್ಸಿನ ಸಂತಾನ. ಹಿಂದೆ ಕನ್ನಡಿ ಇಲ್ಲ ಅನ್ನೋ ಧೈರ್ಯದ ಮೇಲೆ ಆ ಗಾಜನ್ನು ಫಿಲ್ಮಿನ ಪಕ್ಕದವರೆಗೆ ನುಗ್ಗಿಸಿದ್ದಾರೆ. ಆ ಕಾಲಕ್ಕೆ ಸರಿ. ಈಗ ನಿಮ್ಮ ಬಾಡಿ ಲೆಕ್ಕ ಹಾಕಿ. ಸ್ಕ್ರೂ ಮೌಂಟಿಗೆ 28.8, ಸೋನಿ ಇ ಮೌಂಟಿಗೆ 18, ಅಂದ್ರೆ ಅಡಾಪ್ಟರ್ ದಪ್ಪ 10.8 ಮಿ.ಮೀ. ಲೆನ್ಸಿನ ಹಿಂಭಾಗ ಅದಕ್ಕಿಂತ ಎಷ್ಟು ಉದ್ದ ಇದೆಯೋ ಅಷ್ಟು ನಿಮ್ಮ ಬಾಡಿಯೊಳಗೆ ಇಳಿಯುತ್ತೆ. ಸೆನ್ಸರ್ 18ರಲ್ಲಿದೆ ನಿಜ, ಆದರೆ ಅದಕ್ಕೂ ಮುಂಚೆ ಷಟರ್ ಇದೆ, ಷಟರಿಗೂ ಮುಂಚೆ ಚೌಕಟ್ಟಿದೆ. ನಿಮ್ಮದು ಚಿಕ್ಕ ಸೆನ್ಸರಿನ ಬಾಡಿ, ಚೌಕಟ್ಟಿನ ಕಿಂಡಿಯೂ ಚಿಕ್ಕದು. ನಿಮಗೆ ಬಿಗಿ ಅನ್ನಿಸಿದ್ದು ಸ್ಕ್ರೂ ಅಲ್ಲ, ಆ ಅಂಚಿಗೆ ಗಾಜಿನ ಸುತ್ತಲ ಲೋಹ ತಾಗಿದ್ದಿರಬೇಕು.

ಇನ್ನೊಂದು ಅಪಾಯ ಹೇಳ್ತೀನಿ, ಇದರಲ್ಲೇ ಜನ ಬೀಳೋದು. ಫೋಕಸ್ ಹತ್ತಿರಕ್ಕೆ ಇಟ್ಟು ಹಾಕಿದ್ರೆ ಲೆನ್ಸ್ ಮುಂದಕ್ಕೆ ಬಂದಿರುತ್ತೆ, ಸಲೀಸಾಗಿ ಕೂತುಬಿಡುತ್ತೆ. ಆಮೇಲೆ ಬೆಟ್ಟ ತೆಗೆಯೋಣ ಅಂತ ದೂರಕ್ಕೆ ತಿರುಗಿಸಿದಾಗ ಇಡೀ ಗಾಜು ಹಿಂದಕ್ಕೆ ಇಳಿದು ಒಳಗೆ ಬಡಿಯುತ್ತೆ. ಅದಕ್ಕೇ ಅಳತೆ ತೆಗೆಯೋದು ಇನ್ಫಿನಿಟಿಯಲ್ಲಿ, ಅಂದ್ರೆ ಫೋಕಸ್ ಅತಿ ದೂರಕ್ಕೆ ಇಟ್ಟು. ವರ್ನಿಯರ್ ತಗೊಳ್ಳಿ, ಇಲ್ಲಾಂದ್ರೆ ಸ್ಕೇಲಾದ್ರೂ. ಮೌಂಟಿನ ಚಪ್ಪಟೆ ಜಾಗದಿಂದ ಹಿಂದಿನ ತುದಿವರೆಗೆ ಉದ್ದ, ಆ ತುದಿಯ ಅಗಲ, ಎರಡೂ ಹಾಕಿ. ಬಾಡಿಯೊಳಗೆ ಸ್ಕೇಲ್ ತೂರಿಸಬೇಡಿ, ಬರೀ ಟಾರ್ಚ್ ಬಿಟ್ಟು ನೋಡಿ. ಕಿಂಡಿಯ ಅಂಚಿನಲ್ಲಿ ಹೊಸ ಗೀರು ಇದೆಯಾ?

ಗಾಳಿಪಟ: ಸಣ್ಣದೊಂದು ಹೊಳಪು ಕಾಣ್ತಿದೆ ಎಡಗಡೆ. ಸರ್, ಹಿಂದಿನ ಗಾಜಿನ ಸುತ್ತಲ ಲೋಹ ಅರದಲ್ಲಿ ಉಜ್ಜಿದ್ರೆ ಕೂರುತ್ತೆ ಅಂತ ಒಂದು ವಿಡಿಯೋ ಇದೆ.

ರಿಪೇರಿ ಟೇಬಲ್: ಇದೆ. ಉಜ್ಜಿದ ಅಲ್ಯೂಮಿನಿಯಂ ಪುಡಿ ಎಲ್ಲಿಗೆ ಹೋಗುತ್ತೆ ಅಂತ ಆ ವಿಡಿಯೋದಲ್ಲಿ ತೋರಿಸಿದ್ರಾ? ಹೊಳಪು ಬರೀ ಅಂಚಲ್ಲಿ ಮಾತ್ರ ಇದ್ದು ಷಟರ್ ಸರಿಯಾಗಿ ಬೀಳ್ತಿದ್ರೆ ಬಚಾವಾದ್ರಿ. ಬೇರೆ ಲೆನ್ಸ್ ಹಾಕಿ ನಾಲ್ಕಾರು ಫೋಟೋ ತೆಗೆದು ನೋಡಿ. ಜುಪಿಟರ್-12 ವಾಪಸ್ ಮಾಡಿ. 35 ಬೇಕೇಬೇಕು ಅಂದ್ರೆ ಯಾವುದಾದ್ರೂ ಎಸ್‌ಎಲ್‌ಆರ್ 35 ಎಫ್ 2.8 ತಗೊಳ್ಳಿ. ಸೋವಿಯತ್ ರೇಂಜ್‌ಫೈಂಡರ್ ಲೆನ್ಸೇ ಬೇಕು ಅಂದ್ರೆ ಜುಪಿಟರ್-8, 50 ಮಿ.ಮೀ. ಅದರ ಹಿಂಭಾಗ ಹೀಗೆ ಬಾಲ ಚಾಚಲ್ಲ. ಕೊಳ್ಳುವಾಗ ಸ್ಕ್ರೂ ಮೌಂಟೇ ಅಂತ ನೋಡ್ಕೊಳ್ಳಿ, ಕೀವ್ ಕ್ಯಾಮೆರಾದ್ದು ಈ ಅಡಾಪ್ಟರಿಗೆ ಬರಲ್ಲ.

ಕೆಂಪು ಚುಕ್ಕೆ: ಜುಪಿಟರ್ ಫೋಕಸ್ಸೇ ಸರಿ ಇರಲ್ಲ. ಸೋವಿಯತ್ ಅಳತೆ ಬೇರೆ, ಲೈಕಾ ಅಳತೆ ಬೇರೆ.

ರಿಪೇರಿ ಟೇಬಲ್: ಲೈಕಾ ಬಾಡಿಯಲ್ಲಿ ಆ ತೊಂದರೆ ನಿಜ. ಗಾಳಿಪಟ ಅವರದ್ದು ಮಿರರ್‌ಲೆಸ್, ಸೆನ್ಸರ್ ಕಂಡದ್ದನ್ನೇ ಸ್ಕ್ರೀನಲ್ಲಿ ನೋಡಿ ಫೋಕಸ್ ಮಾಡ್ತಾರೆ. ಇಲ್ಲಿ ಸಂಬಂಧ ಇಲ್ಲ.

ಕರಾವಳಿ ಕಣ್ಣು: ನಮ್ಮ ಮಂಗಳೂರು ಮಳೆಗೆ ಲೆನ್ಸ್ ಎಲ್ಲ ಫಂಗಸ್ ಮಾರಾಯ್ರೇ. ಯಾವ ಜಾತಿಯ ಲೆನ್ಸಿಗೆ ಕಮ್ಮಿ ಬರ್ತದೆ? ಮತ್ತೆ ಇದು ಫ್ಯಾಮಿಲಿ ಗ್ರೂಪಲ್ಲಿ ಬಂದದ್ದು: «ಲೆನ್ಸನ್ನು ಮೂರು ದಿನ ಬಿಸಿಲಿಗಿಡಿ, ಬ್ಯಾಗಲ್ಲಿ ಕರ್ಪೂರ, ನುಸಿಗುಳಿಗೆ ಹಾಕಿ, ಬಿಗಿಯಾದ ರಿಂಗಿಗೆ ಎರಡು ಹನಿ ಕೊಬ್ಬರಿ ಎಣ್ಣೆ, ಗಾಜಿಗೆ ಪೇಸ್ಟ್ ಹಚ್ಚಿ ತಿಕ್ಕಿ.»

ರಿಪೇರಿ ಟೇಬಲ್: ಫಂಗಸ್ ಜಾತಿ ನೋಡಲ್ಲ. ಇನ್ನು ಆ ಫಾರ್ವರ್ಡು. ಬಿಸಿಲಿಗೆ ಒಳಗಿನ ಗ್ರೀಸ್ ಕರಗಿ ಅಪರ್ಚರ್ ಬ್ಲೇಡಿಗೆ ಇಳಿಯುತ್ತೆ. ಕರ್ಪೂರ, ನುಸಿಗುಳಿಗೆ ಆವಿಯಾಗಿ ಗಾಜಿನ ಮೇಲೇ ಮಂಜು ಕಟ್ಟುತ್ತೆ. ಕೊಬ್ಬರಿ ಎಣ್ಣೆ ತಲೆಗೆ ಹಾಕ್ಕೊಳ್ಳಿ. ಪೇಸ್ಟ್ ಕೋಟಿಂಗ್ ಕೆರೆದು ತೆಗೆಯುತ್ತೆ. ಗಾಳಿಯಾಡದ ಡಬ್ಬ, ಸಿಲಿಕಾ ಜೆಲ್, 20 ಗ್ರಾಂ ಚೀಟಿ ಎರಡು, ಒಳಗೊಂದು ತೇವ ತೋರಿಸೋ ಮೀಟರ್. ಶೇ. 40ರಿಂದ 50ರ ನಡುವೆ ಇರಲಿ. ಅಷ್ಟೇ.

ಕಾಫಿ ತೋಟ: ಸೂಪರ್ ಟಕುಮಾರ್ 50 ಎಫ್ 1.4 ಇದೆ ಸರ್, ಎಸ್‌ಎಲ್‌ಆರ್ ಲೆನ್ಸ್. ಒಳಗಿನ ಗಾಜು ಟೀ ಬಣ್ಣಕ್ಕೆ ತಿರುಗಿದೆ. ಫಂಗಸ್ಸಾ?

ರಿಪೇರಿ ಟೇಬಲ್: ಅಲ್ಲ. ಆ ಲೆನ್ಸಿನ ಗಾಜಲ್ಲಿ ವಿಕಿರಣ ಸೂಸೋ ಥೋರಿಯಂ ಸೇರಿಸಿದ್ದಾರೆ, ವರ್ಷಗಳಾದಂತೆ ಹಳದಿಯಾಗುತ್ತೆ. ಬಿಸಿಯಾಗದ ಯುವಿ ಎಲ್‌ಇಡಿ ದೀಪದ ಕೆಳಗೆ ಕೆಲವು ದಿನ ಇಟ್ಟರೆ ತಿಳಿಯಾಗುತ್ತೆ. ದೀಪ ಉರಿಯುವಾಗ ಕಣ್ಣಲ್ಲಿ ನೋಡಬೇಡಿ.

ಕರಾವಳಿ ಕಣ್ಣು: ಯುವಿ ಅಂದ್ರೆ ಬಿಸಿಲೇ ಅಲ್ವಾ? ಹಾಗಾದ್ರೆ ನನ್ನ ಫಾರ್ವರ್ಡ್ ಸರಿಯೇ ಆಯ್ತು.

ರಿಪೇರಿ ಟೇಬಲ್: ಸ್ವಾಮಿ, ಅದು ಗಾಜಿನ ಬಣ್ಣದ ರೋಗ, ನಿಮ್ಮದು ಫಂಗಸ್. ಫಾರ್ವರ್ಡ್ ಎಚ್‌ಡಿ ಚಿತ್ರ ಸಮೇತ ಬಂದ ಮಾತ್ರಕ್ಕೆ ಸರಿಯಾಗಲ್ಲ.

ಕರಾವಳಿ ಕಣ್ಣು: ಕೇಳಿದ್ದಕ್ಕೆ ಇಷ್ಟು ಬೈಬೇಕಾ?

ಝೋರ್ಕಿ ಹುಡುಗಿ: ಸರ್, ಮಾವನ ಝೋರ್ಕಿ-4, ಸೋವಿಯತ್ ರೇಂಜ್‌ಫೈಂಡರ್, ತಗೊಂಡು ಕಾರವಾರಕ್ಕೆ ಹೋಗ್ತಿದೀನಿ, ಸಮುದ್ರದ ಮೇಲೆ ಸೂರ್ಯಾಸ್ತ ತೆಗೆಯೋಕೆ. ಏನಾದ್ರೂ ಎಚ್ಚರಿಕೆ?

ರಿಪೇರಿ ಟೇಬಲ್: ಒಳ್ಳೇ ಪ್ರಶ್ನೆ ಅಮ್ಮ. ಎಸ್‌ಎಲ್‌ಆರ್‌ನಲ್ಲಿ ಸೂರ್ಯನ ಬಿಂಬ ಕನ್ನಡಿಗೆ ಬೀಳುತ್ತೆ. ನಿಮ್ಮದರಲ್ಲಿ ಲೆನ್ಸಿನ ಹಿಂದೆ ನೇರ ಬಟ್ಟೆಯ ಷಟರ್. ಮಧ್ಯಾಹ್ನ ಕ್ಯಾಪ್ ಇಲ್ಲದೆ ಕ್ಯಾಮೆರಾ ಮುಖ ಮೇಲೆ ಮಾಡಿ ಮರಳಲ್ಲಿಟ್ಟರೆ ಬಟ್ಟೆ ಸುಟ್ಟು ಸೂಜಿ ತೂತು ಬೀಳುತ್ತೆ, ಆಮೇಲೆ ಪ್ರತಿ ಫೋಟೋದಲ್ಲೂ ಬಿಳಿ ಚುಕ್ಕೆ. ತೆಗೆಯೋ ಕ್ಷಣ ಬಿಟ್ಟು ಉಳಿದ ಹೊತ್ತು ಕ್ಯಾಪ್ ಹಾಕಿರಿ. ಫೋಟೋ ತೆಗೆಯುವಾಗ ಮರೆಯದೆ ಕ್ಯಾಪ್ ಬಿಚ್ಚಿ, ವ್ಯೂಫೈಂಡರಿಗೆ ಅದು ಕಾಣಲ್ಲ. ಸ್ಪೀಡ್ ಡಯಲ್ ತಿರುಗಿಸೋದು ವೈಂಡ್ ಮಾಡಿದ ಮೇಲೆ ಮಾತ್ರ.

ಹೊಸಬ: ಕ್ಯಾನನ್ ಡಿಎಸ್‌ಎಲ್‌ಆರ್‌ಗೆ ರೇಂಜ್‌ಫೈಂಡರ್ ಲೆನ್ಸ್ ಹಾಕ್ಬಹುದಾ?

ರಿಪೇರಿ ಟೇಬಲ್: ಮೇಲೆ ಓದಿ.

ಮದುವೆ ಮನೆ: ಲೈಕಾದ ಸಮ್ಮಿಕ್ರಾನ್ 35 ಈಗ ಎಷ್ಟಕ್ಕೆ ಸಿಗುತ್ತೆ?

ಹುಬ್ಬಳ್ಳಿ ಎಫ್‌ಎಂ2: ಚುಕ್ಕೆ ಸಾಹೇಬ್ರ, ಒಂದ್ ಮಾತು. 1950ರಾಗ ಅಮೆರಿಕದ ಫೋಟೋಗ್ರಾಫರ್ ಡೇವಿಡ್ ಡಗ್ಲಸ್ ಡಂಕನ್ ಕೊರಿಯಾ ಯುದ್ಧಕ್ಕ ಹೋದಾಗ ಲೈಕಾಕ್ಕ ಹಾಕಿದ್ದು ನಿಕಾನ್ ಲೆನ್ಸು. ಜೀವ ಅಲ್ಲಿ ಎಲ್ಲಿ ಹೋಗಿತ್ತು?

ಕೆಂಪು ಚುಕ್ಕೆ: ಅದೂ ರೇಂಜ್‌ಫೈಂಡರ್ ಲೆನ್ಸೇ. ನನ್ನ ಮಾತನ್ನೇ ನೀವು ಹೇಳಿದ್ರಿ, ಥ್ಯಾಂಕ್ಸ್.

ಹುಬ್ಬಳ್ಳಿ ಎಫ್‌ಎಂ2: ನೀವು ಹೇಳಿದ್ದು ಲೈಕಾ. ಈಗ ಜಾರಬ್ಯಾಡ್ರಿ.

ರಿಪೇರಿ ಟೇಬಲ್: ಇಬ್ಬರಿಗೂ. ವೈಡಲ್ಲಿ ಕನ್ನಡಿಯ ಜಾಗದಿಂದ ವಿನ್ಯಾಸ ಬದಲಾಗುತ್ತೆ, ಅದನ್ನ ಮೊದಲೇ ಹೇಳಿದೆ. 50 ಮಿ.ಮೀ.ನಲ್ಲಿ ಎಸ್‌ಎಲ್‌ಆರ್‌ಗೆ ಶುರುವಲ್ಲಿ ಮಾತ್ರ ಕಷ್ಟ ಇತ್ತು, ಅದಕ್ಕೇ ಸೋವಿಯತ್ ಹೀಲಿಯೋಸ್ 58, ಎಸ್‌ಎಲ್‌ಆರ್‌ಗೆ ನಿಕಾನ್ ಮಾಡಿದ ಮೊದಲ ಎಫ್ 1.4 ಕೂಡ 58. ಆಮೇಲೆ ಅದನ್ನೂ ಗೆದ್ರು. 50, 85, 90 ಯಾವ ಕಡೆಯದ್ದಾದ್ರೂ ತಗೊಳ್ಳಿ. ರೇಂಜ್‌ಫೈಂಡರ್‌ದು ಚಿಕ್ಕದು, ಸಾಮಾನ್ಯವಾಗಿ 70 ಸೆಂ.ಮೀ. ಇಲ್ಲವೇ 1 ಮೀಟರಿಗಿಂತ ಹತ್ತಿರ ಬರಲ್ಲ. ಎಸ್‌ಎಲ್‌ಆರ್‌ದು ದಪ್ಪ, ಹತ್ತಿರ ಬರುತ್ತೆ, ಬೆಲೆ ಕಮ್ಮಿ. 135 ದಾಟಿದ್ರೆ ಎಸ್‌ಎಲ್‌ಆರೇ. ಮಧ್ಯಾಹ್ನ ಆಯ್ತು, ನಾನು ಹೊರಟೆ. ಗಾಳಿಪಟ, ಷಟರ್ ಪರೀಕ್ಷೆ ಮಾಡಿ ಫೋಟೋ ಹಾಕಿ, ಸಂಜೆ ನೋಡ್ತೀನಿ.

ಮಲ್ನಾಡ್ ಕ್ಲಿಕ್: ಸರ್ ಹೋಗೋ ಮುಂಚೆ, ನಿಕಾನ್ 20ಕ್ಕೆ ಅಡಾಪ್ಟರ್ ಯಾವುದು ತಗೊಳ್ಳಲಿ? ಅಗ್ಗದ್ದು ಅಲುಗಾಡುತ್ತೆ ಅಂತಾರೆ.

ಕೆಂಪು ಚುಕ್ಕೆ: ಜಾರೋದು ನಾನಲ್ಲ ಹುಬ್ಬಳ್ಳಿಯವರೇ. ನಿಮ್ಮ ಫೋಟೋ ಒಂದಾದ್ರೂ ಹಾಕಿ, ನೋಡೋಣ.

ಹುಬ್ಬಳ್ಳಿ ಎಫ್‌ಎಂ2: ಮೊದಲ ನೀವು ಹಾಕ್ರಿ. ಲೆನ್ಸಿನ ಫೋಟೋ ಅಲ್ಲ ಮತ್ತ, ಲೆನ್ಸಿನಿಂದ ತೆಗೆದದ್ದು.