ಇಂಗ್ಲೆಂಡಿನ ಯಾರ್ಕ್‌ಶೈರ್ ಕರಾವಳಿಗೆ ಕಾರೇ ಬೇಕಾ?

ಗುಂಪು: ಇಸಿ ಬ್ಯಾಚ್ 98

ಗಿರೀಶ: [ಫಾರ್ವರ್ಡ್ ಆದ ವಿಡಿಯೊ: ಒಂದೇ ದಿನ, ಕಾರಲ್ಲಿ ಯಾರ್ಕ್‌ಶೈರ್ ಕರಾವಳಿಯ 5 ಊರು!]
ಆಗಸ್ಟ್‌ನಲ್ಲಿ ಅಮ್ಮನ್ನ ಕರ್ಕೊಂಡು ಬರ್ತಿದೀನಿ. ಇದೇ ಪ್ಲ್ಯಾನು. ಪ್ರಸಾದ, ನಿಮ್ಮೂರ ಕಡೆದು, ಏನಂತೀಯ?

ಪ್ರಸಾದ: ಬೇಡ ಗುರು. ಈ ವಿಡಿಯೊ ಮಾಡಿದ ಪುಣ್ಯಾತ್ಮ ಊರು ನೋಡಿಲ್ಲ, ಪಾರ್ಕಿಂಗ್ ನೋಡಿದಾನೆ. ರಾಬಿನ್ ಹುಡ್ಸ್ ಬೇನಲ್ಲಿ ಕಾರು ಗುಡ್ಡದ ಮೇಲೇ ನಿಲ್ಲಿಸ್ಬೇಕು. ಹಳೇ ಊರು, ಕಡಲಿಗೆ ಅಂಟಿಕೊಂಡಿರೋ ಬೇ ಹೋಟೆಲು ಎಲ್ಲಾ ಕೆಳಗೆ. ಕಡಿದಾದ ಇಳಿಜಾರು.

ಗಿರೀಶ: ಬಸ್ಸಲ್ಲಿ ಬಂದ್ರೆ ಇಳಿಜಾರು ಸಪಾಟಾಗುತ್ತಾ? 😄

ಪ್ರಸಾದ: ಆಗಲ್ಲ. ಅದಕ್ಕೇ ಆ ಊರೇ ಬಿಡು. ಲೀಡ್ಸಲ್ಲಿ 840 ಬಸ್ ಹತ್ತು. ಯಾರ್ಕ್, ಮಾಲ್ಟನ್, ಪಿಕರಿಂಗ್ ಸಂತೆಪೇಟೆಗಳನ್ನ ದಾಟಿ ಕಡಲ ದಂಡೆಯ ವಿಟ್ಬಿಗೆ ಹೋಗುತ್ತೆ. 2018ರಲ್ಲಿ ಬ್ರಿಟನ್ನಿನ ಅತಿ ಚೆಂದದ ಬಸ್ ಮಾರ್ಗ ಅಂತ ಜನ ವೋಟ್ ಹಾಕಿದ್ದು ಇದಕ್ಕೇ. ಮೇಲಿನ ಡೆಕ್ಕಲ್ಲಿ ಮುಂದಿನ ಸೀಟು ಹಿಡೀರಿ.

ಸುಮಾ: ಮಂಡಿ ನೋವಿರೋ ಅಮ್ಮ ಮೇಲಿನ ಡೆಕ್ಕಿಗೆ ಹತ್ತಬೇಕಾ? ಹುಷಾರಾಗಿದೀಯ ತಾನೇ?

ರಫೀಕ್: ಅಲ್ಲೊಂದು ಸ್ಟೀಮ್ ರೈಲಿದೆಯಲ್ವಾ?

ಪ್ರಸಾದ: ಪಿಕರಿಂಗ್‌ನಿಂದ ಗ್ರೋಸ್‌ಮಾಂಟ್‌ಗೆ, 18 ಮೈಲಿ.

ಗಿರೀಶ: ಟಿಕೆಟ್ ರೇಟು ನೋಡಿ ತಲೆ ತಿರುಗ್ತು ಮಾರಾಯ. ಹಳೇ ಎಂಜಿನ್ ತೋರಿಸಿ ಸುಲಿಗೆ.

ಪ್ರಸಾದ: ಸುಲಿಗೆ ಅನ್ಬೇಡ. ರೈಲ್ವೆ ಎಂಜಿನಿಯರ್ ಜಾರ್ಜ್ ಸ್ಟೀಫನ್‌ಸನ್ ಹಾಕಿಸಿದ ಮಾರ್ಗ ಅದು, 1836ರದು. ಮೊದಮೊದಲು ಡಬ್ಬಿ ಎಳೀತಿದ್ದದ್ದು ಕುದುರೆ. ನಷ್ಟ ಅಂತ 1965ರಲ್ಲಿ ಮುಚ್ಚಿದ್ರು. ರೈಲಿನ ಹುಚ್ಚಿರೋರು ಸೇರಿ 1973ರಲ್ಲಿ ಮತ್ತೆ ಓಡಿಸಿದ್ರು. ಇವತ್ತಿಗೂ ಸಂಬಳ ಇಲ್ದೆ ಬಂದು ದುಡಿಯೋರು ತುಂಬಾ ಇದಾರೆ. ಸ್ಕಾರ್ಬರೋದಿಂದ ವಿಟ್ಬಿಗೆ ಕಡಲಂಚಲ್ಲಿ ಹೋಗ್ತಿದ್ದ ರೈಲೂ ಅದೇ ವರ್ಷ ನಿಂತಿದ್ದು. ಅದರ ಹಳಿ ಕಿತ್ತು ಹಾಕಿದ್ರು, ಈಗಲ್ಲಿ ಸೈಕಲ್ ದಾರಿ. ದುಡ್ಡು ಕೊಡ್ದೇ ಇದ್ರೆ ಇದಕ್ಕೂ ಅದೇ ಗತಿ.

ಸುಮಾ: ಇತಿಹಾಸ ಚೆನ್ನಾಗಿದೆ. ಆದ್ರೆ ಎರಡೆರಡು ಕಡೆ ಹತ್ತಿ ಇಳಿದು, ಬಸ್ ಸ್ಟಾಪಲ್ಲಿ ಗಾಳಿ ತಿನ್ನೋರು ಆ ಹೆಂಗಸು. ನನ್ನ ವೋಟು ಕಾರಿಗೆ.

ಪ್ರಸಾದ: ಸರಿ, ಸಾಲ್ಟ್‌ಬರ್ನ್‌ಗಾದ್ರೂ ಹೋಗಿ. ಬಂಡೆ ಮೇಲಿನ ಊರಿಂದ ಕಡಲ ದಂಡೆಗೆ 1884ರ ಲಿಫ್ಟ್ ಇದೆ, ನೀರಿನ ಭಾರದಲ್ಲೇ ಓಡೋದು. ಎರಡು ಡಬ್ಬಿ, ಮಧ್ಯೆ ಕೇಬಲ್ಲು, ಒಂದೊಂದರ ಅಡಿಗೂ ನೀರಿನ ಟ್ಯಾಂಕು. ಮೇಲಿರೋ ಡಬ್ಬಿಗೆ ನೀರು ತುಂಬ್ತಾರೆ, ಅದು ಭಾರಕ್ಕೆ ಜಾರಿ ಕೆಳಗಿನದನ್ನ ಮೇಲಕ್ಕೆ ಎಳ್ಕೊಳುತ್ತೆ. ಕೆಳಗೆ ಬಂದ ನೀರನ್ನ ಪಂಪ್ ಮಾಡಿ ವಾಪಸ್ ಕಳಿಸ್ತಾರೆ. ಅಮ್ಮನ ಮಂಡಿಗೆ ಏನೂ ಆಗಲ್ಲ.

ಸುಮಾ: ಇದು ಮಾತು.

ರಫೀಕ್: ಲೇ, ಪಬ್ ವಿಷಯ ಯಾರೂ ಎತ್ತಲಿಲ್ಲ.

ಪ್ರಸಾದ: ಬೆಕ್ ಹೋಲ್ ಅನ್ನೋ ಹಳ್ಳೀಲಿ ಬರ್ಚ್ ಹಾಲ್ ಇನ್. ಆ ಕಡೆ ಒಂದು ಪುಟ್ಟ ಬಾರು, ಈ ಕಡೆ ಒಂದು, ನಡುವೆ ಮಿಠಾಯಿ ಅಂಗಡಿ. ಅಮ್ಮನಿಗೂ ಏನಾದ್ರೂ ಸಿಗುತ್ತೆ.

ಗಿರೀಶ: ಅಲ್ಲಿಗೆ ನಿನ್ನ 840 ಹೋಗುತ್ತಾ?

ಪ್ರಸಾದ: ಇಲ್ಲ. ಗೋತ್‌ಲ್ಯಾಂಡಲ್ಲಿ ಇಳಿದು ಕಣಿವೆಗೆ ನಡೀಬೇಕು.

ಗಿರೀಶ: ಕಾರು?

ಪ್ರಸಾದ: ಹೋಗುತ್ತೆ.

ಗಿರೀಶ: 😂😂 ಮುಗೀತು. ಬುಕ್ ಮಾಡ್ತಿದೀನಿ.

ರಫೀಕ್: ಪಬ್ಬಿಗೆ ಕಾರಲ್ಲಿ ಹೋದ್ರೆ ಓಡಿಸೋನು ಕುಡಿಯೋ ಹಾಗಿಲ್ಲ. ಯಾರಪ್ಪ ಅವನು?

ಗಿರೀಶ: ಪ್ರಸಾದ. ದಾರಿ ಗೊತ್ತಿರೋನು ಅವನೇ.

ಪ್ರಸಾದ: ಪಿಕರಿಂಗ್‌ವರೆಗೆ ಓಡಿಸ್ತೀನಿ. ಅಲ್ಲಿ ಕೀ ನಿನ್ನ ಕೈಗೆ. ನಾನೂ ಅಮ್ಮನೂ ಸ್ಟೀಮ್ ರೈಲಲ್ಲಿ ಬರ್ತೀವಿ, ಗ್ರೋಸ್‌ಮಾಂಟ್ ಸ್ಟೇಷನ್‌ಗೆ ಬಂದು ಕಾಯ್ತಿರು.